ಗೋಪಣ್ಣ ಸುತ್ತಿದ ನೂಲು

ಬೆಟಗೇರಿಯ ಸಂತೆಯಲ್ಲಿ ಗೋಪಣ್ಣನ ಬಾಡಿಗೆ ಕಾರು ಶೇಂಗಾ ಮಾರುವ ಮುದುಕವ್ವನ ಬುಟ್ಟಿಯ ಮೇಲೆ ಹರಿದು, ಅವಳ ಪಾದಕ್ಕೆ ಬಡಿದು ನಿಂತಿತು. ಎಷ್ಟು ತುಳಿದರೂ ಬ್ರೇಕಿನ ಪೆಡಲ್ಲು ಕಲ್ಲಿನಷ್ಟು ಗಟ್ಟಿ. ಬಾನೆಟ್ಟಿನೊಳಗಿಂದ ಸುಯ್ಯೆಂಬ ಸದ್ದು. ಅದೇನೆಂದು ಗೋಪಣ್ಣನಿಗೆ ಅರ್ಧ ಹೊಳೆಯಿತು. ಆದರೆ ಜನ ಸುತ್ತುಗಟ್ಟಿದ ಮೇಲೆ ಅವನ ಬಾಯಿಂದ ಹೊರಟದ್ದು ಬೇರೆಯೇ ಮಾತು.

“ಮುಸ್ತಾಕ ಹಾಳ ಮಾಡ್ಯಾನರೀ! ಹ್ವಾದ ವಾರಾನ ಅವನ ಕಡಿಂದ ಬ್ರೇಕ್ ರಿಪೇರಿ ಮಾಡಿಸೀನಿ!”

ಮುಸ್ತಾಕನ ಗ್ಯಾರೇಜು ಅಲ್ಲೇ ಪಕ್ಕದಲ್ಲಿ. ಗದ್ದಲ ಕೇಳಿ ಅವನು ಓಡಿ ಬಂದ. ನೋವಿನಿಂದ ನರಳುತ್ತಿದ್ದ ಮುದುಕವ್ವ ಇಡೀ ಸಂತೆ ಕೇಳುವಂತೆ ಬೈದಳು.

“ರಿಪೇರಿ ಮಾಡಿದ ಆ ಕೈ ಸೇದಿ ಹೋಗ್ಲಿ!”

ಮುಸ್ತಾಕ ಅವಳನ್ನು ಎತ್ತಿ ಆಟೊದಲ್ಲಿ ಕೂರಿಸಿ ದವಾಖಾನೆಗೆ ಕಳಿಸಿದ. ಗೋಪಣ್ಣ ನೆಲ ನೋಡುತ್ತಾ ನಿಂತಿದ್ದ, ದೊಡ್ಡ ಮನುಷ್ಯ!

ಕಾರನ್ನು ಗ್ಯಾರೇಜಿಗೆ ತಳ್ಳಿದ ಮೇಲೆ ಇಬ್ಬರೇ ಉಳಿದರು. ಮುಸ್ತಾಕ ಬಾನೆಟ್ ಎತ್ತಿ, ಡೋಲಿನಂಥ ಕಪ್ಪು ಡಬ್ಬಿಯೊಂದನ್ನು ತೋರಿಸಿದ.

“ಇದು ಬೂಸ್ಟರ್. ಒಳಗ ರಬ್ಬರಿನ ಪರದೆ ಐತಿ. ಇಂಜಿನ್ ಈ ಪೈಪಿನಿಂದ ಒಳಗಿನ ಗಾಳಿ ಎಳಕೊಳ್ತೈತಿ. ಎಳಕೊಂಡ ಗಾಳಿ ತಿರುಗಿ ಬರಬಾರದಂತ ಇಲ್ಲೊಂದು ವಾಲ್ವ್. ನೀ ಪೆಡಲ್ ತುಳಿದಾಗ ಹೊರಗಿನ ಗಾಳಿ ಹಿಂದಿನಿಂದ ನುಗ್ಗಿ ಪರದೆ ದೂಕತೈತಿ, ನಿನ್ನ ಕಾಲಿಗೆ ಬಲ ಬರತೈತಿ. ಪೈಪ್ ಸೋರಿದ್ರ ಆ ಬಲ ಇಲ್ಲ. ಬರೀ ಕಾಲಿನ ಮ್ಯಾಲ ಗಾಡಿ ನಿಲ್ಲಂಗಿಲ್ಲ.”

ಹೇಳುತ್ತಲೇ ಅವನು ಪೈಪಿನ ಕೆಳಗೆ ಕೈ ಹಾಕಿದ. ಕೈ ಅಲ್ಲೇ ನಿಂತಿತು. ಪೈಪಿನ ಬಿರುಕಿಗೆ ಬಿಗಿಯಾಗಿ ನೂಲು ಸುತ್ತಿ ಗಂಜಿ ಬಳಿದಿತ್ತು. ಇಂಜಿನ್ನಿನ ಕಾವಿಗೆ ಗಂಜಿ ಒಣಗಿ ಸಿಡಿದಿತ್ತು.

ಗೋಪಣ್ಣ ನೇಕಾರರ ಮನೆಯವನು. ಮಗ್ಗ ಬಿಟ್ಟು ಸ್ಟೇರಿಂಗ್ ಹಿಡಿದರೂ ಬೆರಳಿನ ಚಟ ಹೋಗಿರಲಿಲ್ಲ. ಮೊನ್ನೆ ಪೈಪು ಸುಯ್ಗುಟ್ಟಿದಾಗ, ಮಗ್ಗದ ಹಾಸಿನಲ್ಲಿ ಹರಿದ ಎಳೆ ಕೂಡಿಸಿದಂತೆ ನೂಲು ಸುತ್ತಿ, ಗಂಜಿ ಸವರಿ, ಸದ್ದು ನಿಂತಿತೆಂದು ಮೀಸೆ ತಿರುವಿಕೊಂಡಿದ್ದ. ಇಂಥ ಗಂಟು ಮುಸ್ತಾಕನ ಕೈಗೆ ಬರುವುದಿಲ್ಲವೆಂದು ಬೆಟಗೇರಿಯ ಯಾರಾದರೂ ಹೇಳಿಯಾರು.

ಮುಸ್ತಾಕ ಗಂಟನ್ನು ನೋಡಿದ, ಗೋಪಣ್ಣನ ಮುಖ ನೋಡಿದ, ಬ್ಲೇಡಿನಿಂದ ನೂಲು ಕೊಯ್ದ.

“ಪೈಪ್ ನಾನೂ ನೋಡಬೇಕಿತ್ತು ಬಿಡು,” ಅಂದು ಹೊಸ ಪೈಪು ಹುಡುಕಲು ಹೋದ.

ಬೈದಿದ್ದರೆ ಗೋಪಣ್ಣನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದ. ಈಗ ನಾಚಿಕೆಯಿಂದ ಅವನ ಕಿವಿ ಸುಟ್ಟವು. ಅಲ್ಲಿ ನಿಲ್ಲಲಾಗದೆ ಸೀದಾ ದವಾಖಾನೆಗೆ ನಡೆದ.

ಮುದುಕವ್ವನ ಕಾಲಿಗೆ ಪಟ್ಟಿ ಕಟ್ಟಿದ್ದರು. ಅವಳ ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಎಲ್ಲವನ್ನೂ ಹೇಳಿದ.

“ತಪ್ಪು ನಂದ ಯವ್ವಾ. ಗೊತ್ತಿದ್ದೂ ಅವನ ಹೆಸರು ಹೇಳಿದೆ. ನನ್ನ ಬಯ್ಯಿ.”

ಮುದುಕವ್ವ ಬಯ್ಯಲಿಲ್ಲ. ಕಣ್ಣಲ್ಲಿ ನೀರು ತಂದುಕೊಂಡಳು.

“ನನ್ನ ಕಾಲಂತೂ ಕೂಡತೈತಿ. ದುಡದು ತಿನ್ನೋ ಕೈಗೆ ಸೇದಿ ಹೋಗ್ಲಿ ಅಂದೆನಲ್ಲೋ ಯಪ್ಪಾ! ಸಂತ್ಯಾಗ ಎಲ್ಲಾರೂ ಕೇಳ್ಯಾರ. ಹೋಗು, ಅಲ್ಲೇ ನಿಂತು ಹೇಳಿ ಬಾ.”

ಗೋಪಣ್ಣ ಸಂತೆಗೆ ಬಂದ. ಶೇಂಗಾ ಚೆಲ್ಲಿದ ಜಾಗದಲ್ಲಿ ನಿಂತ. ಪಕ್ಕದ ಗ್ಯಾರೇಜಿನಲ್ಲಿ ಮುಸ್ತಾಕ ಅವನ ಕಾರಿನಡಿ ಮಲಗಿ ಕೆಲಸ ಮಾಡುತ್ತಿದ್ದ.

“ಮುಸ್ತಾಕಂದು ತಪ್ಪಿಲ್ಲ. ಪೈಪಿಗೆ ನೂಲು ಸುತ್ತಿದಾವ ನಾನು,” ಅಂದ. ಹೇಳಿದ್ದು ಪಿಸುಮಾತಿನಷ್ಟು ಮೆಲ್ಲಗೆ.

ಉಳ್ಳಾಗಡ್ಡಿ ಮಾರುತ್ತಿದ್ದ ಸಾವಿತ್ರೆವ್ವ ತಲೆ ಎತ್ತಿದಳು.

“ಏನಂದಿ ಗೋಪಣ್ಣ? ಮುಂಜಾನೆ ಭಾಳ ಜೋರ ಇತ್ತಲ್ಲ ನಿನ್ನ ದನಿ! ಕೇಳಸವಲ್ದು, ಇನ್ನೊಮ್ಮಿ ಹೇಳು.”

ಗೋಪಣ್ಣ ಇನ್ನೊಮ್ಮೆ ಹೇಳಿದ, ಕಾರಿನಡಿ ಮಲಗಿದವನಿಗೂ ಕೇಳುವಂತೆ.