ನೀರು ಬಂದ ಹೊತ್ತು

ಪ್ರಭಾವತಿ ರೊಟ್ಟಿ ಬಡಿಯುತ್ತಿದ್ದಾಗ ಪಕ್ಕದ ಮನೆಯ ಸಂಗವ್ವನ ಕೂಗು ಬಂತು.

"ನೀರ ಬಂದಾವ ಪ್ರಭಾ! ರೊಟ್ಟಿ ಎಲ್ಲೂ ಓಡಿ ಹೋಗಂಗಿಲ್ಲ, ಲಗೂ ಬಾ!"

ಕೆಲಗೇರಿಯ ಆ ಓಣಿಗೆ ವಾರಕ್ಕೊಮ್ಮೆ ನಳ ಬರುತ್ತಿತ್ತು. ಬಂದಾಗ ಉಳಿದ ಕೆಲಸವೆಲ್ಲ ಹಿಂದಕ್ಕೆ. ಪ್ರಭಾವತಿ ಒಲೆ ಆರಿಸಿ, ಹಿಟ್ಟಿನ ಕೈಯಲ್ಲೇ ಪೈಪು ಹಿಡಿದು ಅಂಗಳಕ್ಕೆ ಓಡಿದಳು. ಐದು ವರ್ಷದ ಮಗಳು ನೀಲಾ ಹಿಂದೆಯೇ ಬಂದಳು.

ನೀಲಾಗೆ ಮಾತು ಬರುವುದಿಲ್ಲವೆಂದಲ್ಲ. ಹೇಳಿಕೊಟ್ಟದ್ದನ್ನು ಹೇಳುತ್ತಾಳೆ, ಅಷ್ಟೇ. ತಾನಾಗಿ ಈವರೆಗೆ ಏನನ್ನೂ ಕೇಳಿದವಳಲ್ಲ. "ತಾನ ಏನರೆ ಕೇಳ್ಲಿರಿ, ಅದು ದೊಡ್ಡದು," ಎಂದು ಸತ್ತೂರಿನ ದವಾಖಾನೆಯಲ್ಲಿ ಮಾತು ಕಲಿಸುವ ಮೇಡಂ ಹೇಳಿದ್ದರು. ಅಂದಿನಿಂದ ಪ್ರಭಾವತಿಗೆ ಅದೇ ಧ್ಯಾಸ. ಹಾಲಿನ ಲೋಟ ಎತ್ತಿ ಹಿಡಿದು, "ಇದೇನವ್ವಾ ಅಂತ ಕೇಳು, ಕೊಡ್ತೇನಿ" ಎನ್ನುವಳು. ಮಗಳು ಲೋಟವನ್ನೇ ನೋಡುತ್ತ, "ಇದೇನವ್ವಾ ಅಂತ ಕೇಳು, ಕೊಡ್ತೇನಿ" ಎಂದು ಪೂರ್ತಿ ಒಪ್ಪಿಸುವಳು. ಅಷ್ಟರಲ್ಲಿ ಹಾಲು ಆರಿರುತ್ತಿತ್ತು.

ಕೊಡ, ಬಕೀಟು ತುಂಬಿದವು. ಪೈಪನ್ನು ಡ್ರಮ್ಮಿಗೆ ಬಿಟ್ಟ ಮೇಲೆ ಕಾಯುವುದಷ್ಟೇ ಉಳಿಯಿತು.

"ನೀರು ಅನ್ನಾಕ ಕಲಿಸವ್ವಾ, ಛಲೋ ಹೊತ್ತೈತಿ," ಗೋಡೆಯಾಚೆಯಿಂದ ಸಂಗವ್ವ ನೆನಪಿಸಿದಳು.

ಪ್ರಭಾವತಿ ಬಾಯಿ ತೆರೆದಳು. ಪೈಪಿನಲ್ಲಿ ಒಂದು ಕಡೆ ತೂತು ಬಿದ್ದು ನೀರು ದಾರದಂತೆ ಚಿಮ್ಮುತ್ತಿತ್ತು. ನೀಲಾ ಅದಕ್ಕೆ ಅಂಗೈ ಒಡ್ಡುವಳು, ತೆಗೆಯುವಳು, ಮತ್ತೆ ಒಡ್ಡುವಳು. ನಗುತ್ತಿದ್ದಳು. ಸದ್ದಿಲ್ಲದ ನಗು. ಆ ನಗುವಿನ ನಡುವೆ ತನ್ನ ಪಾಠ ತೂರಿಸಲು ಪ್ರಭಾವತಿಗೆ ಮನಸ್ಸಾಗಲಿಲ್ಲ.

"ಇರ್ಲಿ ಬಿಡ ಸಂಗಕ್ಕಾ, ಆಡ್ಲಿ."

"ಯವ್ವಾ! ಇವತ್ತ ಮಾಸ್ತರಿಕಿಗೆ ಸೂಟಿ ಏನ?"

"ಹೂಂ, ಇವತ್ತ ಪಾಠ ಇಲ್ಲ, ಸೂಟಿ."

ಅಂದವಳು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಬೆರಳಿಗಂಟಿದ ಹಿಟ್ಟು ಒಣಗಿ ಬಿಗಿಯುತ್ತಿತ್ತು. ಅವಳೂ ಕೈ ಚಾಚಿ ಆ ನೀರಿನ ಎಳೆಗೆ ಒಡ್ಡಿದಳು. ನೀರು ತಣ್ಣಗಿತ್ತು. ಡ್ರಮ್ಮಿನೊಳಗಿನ ಸದ್ದು ಏರುತ್ತ ಬಂತು. ಮಗಳು ಮಾತಾಡಿದರೆ ಆಡಲಿ, ಇಲ್ಲದಿದ್ದರೆ ಈ ತಂಪಾದರೂ ಇದೆಯಲ್ಲ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತಪ್ಪು ಮಾಡಿದಂತೆ ಎನಿಸಲಿಲ್ಲ.

ನೀಲಾ ತಾಯಿಯ ಮುಖ ನೋಡಿದಳು. ಇಷ್ಟೊತ್ತಿಗೆ ಅಲ್ಲಿಂದ ಏನಾದರೂ ಪಾಠ ಬರಬೇಕಿತ್ತು. ಕಾದಳು. ಬರಲಿಲ್ಲ. ಒದ್ದೆ ಕೈಯಿಂದ ಅವಳ ಸೆರಗು ಜಗ್ಗಿದಳು.

"ಅವ್ವಾ, ಯಾಕ ಸುಮ್ಮನ ಕುಂತಿ?"