ಹದಿನೇಳರ ಮಗ್ಗಿ

ನರೇಗಲ್ಲಿನ ನಮ್ಮ ಸಾಲೆಯಲ್ಲಿ ಸಂಜೆ ಮನೆಗೆ ಬಿಡುವ ಮುಂಚೆ ಮಗ್ಗಿ ಹೇಳುವ ಪದ್ಧತಿಯಿತ್ತು. ಒಬ್ಬರು ಮುಂದೆ ನಿಂತು ಒಂದೊಂದೇ ಸಾಲು ಹೇಳಬೇಕು, ಉಳಿದವರೆಲ್ಲ ಅದನ್ನೇ ಕೂಗಬೇಕು. ಏಳನೆಯ ಇಯತ್ತೆಯಲ್ಲಿ ಆ ಜಾಗ ನನ್ನ ಗೆಳತಿ ಚನ್ನವ್ವನದು. ವರ್ಷದ ಕೊನೆಯ ಮುಲ್ಕಿ ಪರೀಕ್ಷೆ ಪಾಸಾಗಿ ತಾನೂ ಅಕ್ಕೋರಾಗಬೇಕು, ಮಕ್ಕಳಿಗೆ ಕಲಿಸಬೇಕು ಎಂಬುದೊಂದೇ ಅವಳ ಆಸೆ.

೧೯೫೪ರ ದಸರೆಯ ಹೊತ್ತಿಗೆ ಅವಳ ಮುಖ ದುಂಡಗಾಯಿತು, ಬಣ್ಣ ತಿಳಿಯಾಯಿತು. ಅವಳ ಅವ್ವ ರೇಣುಕವ್ವನಿಗೆ ಹಿಗ್ಗೋ ಹಿಗ್ಗು. ಮಗಳು ಮೈಕೈ ತುಂಬಿಕೊಂಡಳೆಂದು ಗಜೇಂದ್ರಗಡದ ಒಂದು ಮನೆತನಕ್ಕೆ ಮಾತೂ ಕಳಿಸಿದರು. ಅದೇ ದಿನಗಳಲ್ಲಿ ಚನ್ನವ್ವ ಮಗ್ಗಿ ತಪ್ಪತೊಡಗಿದಳು. ಮದುವೆಯ ಕನಸು ತಲೆ ಕೆಡಿಸಿದೆ ಎಂದು ಓಣಿಯ ಹೆಂಗಸರು ನಕ್ಕರು.

ಒಂದು ಸಂಜೆ ಅವಳು ಹದಿನೇಳರ ಮಗ್ಗಿಯ ನಡುವೆ ನಿಂತುಬಿಟ್ಟಳು. ಮುಂದಿನದನ್ನು ನಾನೇ ಗಟ್ಟಿಯಾಗಿ ಹೇಳಿದೆ. ಹುಡುಗರು ನಕ್ಕರು. ಮೋದಿನಸಾಬ ಮಾಸ್ತರರು ಮರುದಿನದಿಂದ ನನ್ನನ್ನು ಮುಂದೆ ನಿಲ್ಲಿಸಿದರು. ನನಗೆ ಹೆಮ್ಮೆಯೆನಿಸಿದ್ದು ಸುಳ್ಳಲ್ಲ.

ಮನೆಗೆ ಹೋಗುವಾಗ ಚನ್ನವ್ವ ದಾರಿಯ ಬದಿಗೆ ಕೂತಳು. ಹತ್ತಿ ಗಾಡಿಗಳು ಹೋದ ದಾರಿ. ಉದುರಿದ ಅರಳೆ ಇಳಿಬಿಸಿಲಲ್ಲಿ ತೇಲುತ್ತಿತ್ತು.

“ಹೊನ್ನೀ, ಅಂಕಿ ಹಿಂಗ ತೇಲಿ ಬರ್ತಾವ. ಹಿಡೀಬೇಕು ಅನ್ನೋದ್ರಾಗ ದೂರ ಹೋಗಿರ್ತಾವ. ನಾ ದಡ್ಡಿ ಆದ್ನೇನ?”

ನಾನು ಅವಳ ಪಕ್ಕದಲ್ಲೇ ಕೂತೆ. ಅವಳ ಕಾಲಿನ ಮೇಲೆ ಚಪ್ಪಲಿಯ ಪಟ್ಟಿ ಮೂಡಿಸಿದ್ದ ಗುಳಿ ನೋಡಿದೆ. ಅದು ಮೇಲೆ ಏಳಲೇ ಇಲ್ಲ. ಮರುದಿನ ಅದನ್ನು ಮಾಸ್ತರರಿಗೆ ಹೇಳಿದೆ. ಅವರು ಆ ವಾರವೇ ಒಂದು ಗಾಡಿ ಗೊತ್ತುಮಾಡಿ ತಾಯಿ ಮಗಳನ್ನು ರೋಣದ ದವಾಖಾನೆಗೆ ಕರೆದುಕೊಂಡು ಹೋದರು. ನಾನೂ ಹತ್ತಿ ಕೂತೆ.

ಡಾಕ್ಟರು ಅವಳ ಮೂತ್ರವನ್ನು ಗಾಜಿನ ನಳಿಗೆಯಲ್ಲಿ ಕಾಯಿಸಿದರು. ಅದು ಮೊಟ್ಟೆಯ ಬಿಳಿಯಂತೆ ಗಟ್ಟಿಯಾಯಿತು. ಮೂತ್ರಪಿಂಡಗಳು ಬಹಳ ದಿನದಿಂದ ಸೋತಿವೆ, ಈ ಮೈ ತುಂಬಿದ್ದಲ್ಲ, ಬಾತದ್ದು ಎಂದರು. ಉಪ್ಪು ಬಿಡಿಸಲು ಹೇಳಿದರು. ಉಳಿದದ್ದನ್ನು ಮಾಸ್ತರರಿಗೆ ಹೊರಗೆ ಹೇಳಿದರು. ರೇಣುಕವ್ವ ಬಾಯಿಗೆ ಸೆರಗು ಒತ್ತಿಕೊಂಡರು. ಚನ್ನವ್ವ ಒಂದೇ ಕೇಳಿದಳು, ಮಗ್ಗಿ ಯಾಕೆ ಮರೆಯುತ್ತದೆ ಎಂದು.

ಡಾಕ್ಟರು ಅವಳೆದುರು ಸ್ಟೂಲು ಎಳೆದುಕೊಂಡು ಕೂತರು. “ಮೂತ್ರಪಿಂಡ ರಕ್ತದಾಗಿನ ಕಸ ಸೋಸ್ತಾವವಾ. ನಿನ್ನವು ದಣದಾವು. ಆ ಕಸ ತಲಿಗೆ ಮಬ್ಬು ತರ್ತೈತಿ. ನಿನ್ನ ಜಾಣತನ ಎಲ್ಲೂ ಹೋಗಿಲ್ಲ, ಮಬ್ಬಿನ ಹಿಂದ ಐತಿ.”

ಬರುವಾಗ ಗಾಡಿಯಲ್ಲಿ ಅವಳು ಈ ಮಾತನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡಳು.

ಅಂದಿನಿಂದ ಅವರ ಮನೆಯಲ್ಲಿ ಎಲ್ಲರ ಪಲ್ಯವೂ ಸಪ್ಪೆಯಾಯಿತು. ಮಾಸ್ತರರು ಚನ್ನವ್ವನನ್ನು ಮತ್ತೆ ಮುಂದೆ ನಿಲ್ಲಿಸಿದರು. ಹಿಡಿದುಕೊಳ್ಳಲಿ ಎಂದು ತಮ್ಮ ಕುರ್ಚಿಯನ್ನೂ ಪಕ್ಕಕ್ಕಿಟ್ಟರು.

“ಹದಿನೇಳಾರ್ಲ ನೂರಾ ಎರಡು,” ಎಂದಳು. ನಾವು ಕೂಗಿದೆವು. ಅವಳ ತುಟಿ ನಿಂತಿತು, ಕಣ್ಣು ಕಿಟಕಿಯಾಚೆ ತೇಲುವ ಅರಳೆಯ ಕಡೆ ಹೋಯಿತು. ಮುಂದಿನದು ನನ್ನ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡು ಅದೇ ಸಾಲನ್ನು ಮತ್ತೆ ಕೂಗಿದೆ. ಪಕ್ಕದ ನಿಂಗಪ್ಪ ದನಿಗೂಡಿಸಿದ, ಆಮೇಲೆ ಎಲ್ಲರೂ. ಮೂರನೆಯ ಸಲಕ್ಕೆ ಅವಳು ನಿಧಾನವಾಗಿ, “ಹದಿನೇಳೇಳ್ಲ ನೂರಾ ಹತ್ತೊಂಬತ್ತು,” ಎಂದಳು.

ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದು ನಕ್ಕಳು. “ಒಂದ ಸಾಲು ಮೂರು ಸಲ ಕೂಗ್ತೀರಲ್ಲ, ಯಾರು ದಡ್ಡರು?”

ಪರೀಕ್ಷೆಯವರೆಗೆ ಅವಳು ಉಳಿಯಲಿಲ್ಲ. ಶಿವರಾತ್ರಿಗೆ ಎರಡು ದಿನ ಮೊದಲು, ಬೆಳಗಿನ ನಿದ್ದೆಯಲ್ಲೇ ಹೋದಳು.

ಸಾಲೆ ಮತ್ತೆ ಶುರುವಾದ ಸಂಜೆ ನಾನು ಕುರ್ಚಿಯ ಪಕ್ಕದಲ್ಲಿ ನಿಂತು ಮಗ್ಗಿ ಹೇಳಿದೆ. ಹದಿನೇಳಾರ್ಲ ನೂರಾ ಎರಡು ಎಂದೆ. ಎಲ್ಲರೂ ಕೂಗಿದರು. ನಾನು ಮುಂದಿನದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಮತ್ತೆ ಅದನ್ನೇ ಕೂಗಿದರು, ಇನ್ನೊಮ್ಮೆಯೂ. ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಮಾಸ್ತರರು ತಿದ್ದಲಿಲ್ಲ; ಬಾಗಿಲಿಗೆ ಒರಗಿ, ಹೊರಗಿನ ದಾರಿ ನೋಡುತ್ತ ಕಾದರು.