ಹೋಗುವ ಪಂಚೆ

ಬಟ್ಟೆಯ ಮೇಲೆ ಹೆಬ್ಬೆರಳು ಆಡಿಸುವಾಗ ನನ್ನ ತಾತ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಈ ಅಂಚಿನಿಂದ ಆ ಅಂಚಿಗೆ, ಎಲ್ಲೂ ಒತ್ತದೆ, ಬೆರಳು ತನ್ನ ಪಾಡಿಗೆ ಸಾಗುತ್ತಿತ್ತು. ನಡುವೆ ನಿಂತಿತೋ, ಅಲ್ಲೊಂದು ಎಳೆ ತಪ್ಪಿದೆ ಎಂದು ಅರ್ಥ. ನಮ್ಮ ನೇಕಾರರ ಬೀದಿಯಲ್ಲಿ ಎಲ್ಲರೂ ಬಟ್ಟೆ ನೋಡುತ್ತಿದ್ದುದು ಹೀಗೇ. ಕಣ್ಣು ಮೋಸ ಹೋಗುತ್ತದೆ, ಹೆಬ್ಬೆರಳು ಹೋಗುವುದಿಲ್ಲ ಎನ್ನುತ್ತಿದ್ದರು. ನನ್ನನ್ನು ನೋಡಲು ಬಂದಿದ್ದ ಒಬ್ಬ ಗಂಡಿನ ಹೆಗಲ ವಸ್ತ್ರವನ್ನು ತಾತ ಮಾತಿನ ನಡುವೆ ಹಾಗೆಯೇ ಮುಟ್ಟಿ ನೋಡಿ, ಹುಡುಗನೇನೋ ಪರವಾಗಿಲ್ಲ, ಅವರ ಮನೆ ಮಗ್ಗ ಸರಿಯಿಲ್ಲ ಎಂದು ಸಂಬಂಧವನ್ನೇ ಬಿಟ್ಟುಬಿಟ್ಟಿದ್ದ. ನನಗೆ ಆಗ ಹತ್ತೊಂಬತ್ತು. ಆ ಗಂಡು ತಪ್ಪಿಹೋದದ್ದಕ್ಕೆ ನಾನೇನೂ ಅತ್ತಿರಲಿಲ್ಲ.

ನಾನು ಅವನ ಕಿರಿಯ ಮಗನ ಮಗಳು. ಅವ್ವ ನನ್ನನ್ನು ಹೆತ್ತ ಹದಿನೈದನೆಯ ದಿನ ತೀರಿಕೊಂಡಳು. ಅಪ್ಪ ಬೇರೊಂದು ಊರಿನಲ್ಲಿ ಬೇರೊಂದು ಸಂಸಾರ ಹೂಡಿ, ನಾನೊಬ್ಬಳಿದ್ದೇನೆ ಎಂಬುದನ್ನು ಸಲೀಸಾಗಿ ಮರೆತ. ದೊಡ್ಡಪ್ಪ ದೊಡ್ಡಮ್ಮ ಅನ್ನ ಹಾಕಿದರು, ಅದನ್ನು ಇಲ್ಲವೆನ್ನಲಾರೆ. ಆದರೆ ಬೆಳೆಸಿದವನು ತಾತ. ಅವನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರೆ, ನಾನು ಪಕ್ಕದ ಗೋಣಿತಾಟಿನ ಮೇಲೆ ಕುಳಿತು ಲಾಳಿಗೆ ನೂಲು ಸುತ್ತಿ ಕೊಡುತ್ತಿದ್ದೆ. ಹೆಂಗಸರು ಕುಣಿಗೆ ಇಳಿಯಬಾರದು ಎಂಬ ಕಟ್ಟು ಬೀದಿಯಲ್ಲಿತ್ತು. ತಾತ ಅದನ್ನು ಕಂಡೂ ಕಾಣದಂತೆ ಬಿಟ್ಟು, ಬಾಗಿಲು ಮುಂದೆ ಮಾಡಿ, ನನಗೆ ನೇಯುವುದನ್ನು ಕಲಿಸಿದ.

ಬೀದಿಯಲ್ಲಿ ಇನ್ನೊಂದು ಪದ್ಧತಿಯಿತ್ತು. ಅರವತ್ತು ತುಂಬಿದ ನೇಕಾರ ತಾನು ಸತ್ತಾಗ ತನ್ನ ಮೈಗೆ ಸುತ್ತುವ ಪಂಚೆಯನ್ನು ತಾನೇ ನೇಯ್ದು ಪೆಟ್ಟಿಗೆಯಲ್ಲಿ ಇಡಬೇಕು. ಅದನ್ನು ಹೋಗುವ ಪಂಚೆ ಎನ್ನುತ್ತಿದ್ದರು. ಸಾವಿನ ದಿನ ಅದನ್ನು ಬಾಗಿಲ ಮುಂದೆ ಹಲಗೆಯ ಮೇಲೆ ಹರಡುತ್ತಿದ್ದರು. ಹಿರಿಯರು ಬಂದು ಹೆಬ್ಬೆರಳು ಆಡಿಸಿ, ಇದು ಇಂಥವನ ಕೈ ಎಂದು ಹೇಳಿದ ಮೇಲೆಯೇ ಹೆಣಕ್ಕೆ ಸುತ್ತುವುದು. ಬೇರೆಯವರು ನೇಯ್ದದ್ದನ್ನು ಸುತ್ತಿದರೆ ಅವನು ಎರವಲು ಬಟ್ಟೆಯಲ್ಲಿ ಹೋದ ಹಾಗೆ. ಊರಿಗೆಲ್ಲ ಬಟ್ಟೆ ಕೊಟ್ಟವನು ಕೊನೆಗೆ ಎರವಲಿನಲ್ಲಿ ಹೋಗುವುದಕ್ಕಿಂತ ಹೀನಾಯ ಇನ್ನೊಂದಿಲ್ಲ ಎಂದು ತಾತ ಎಷ್ಟೋ ಸಲ ಹೇಳಿದ್ದನ್ನು ಕೇಳಿದ್ದೇನೆ.

ಅವನೂ ಅರವತ್ತಕ್ಕೆ ನೇಯ್ದಿಟ್ಟಿದ್ದ. ಆದರೆ ಅಜ್ಜಿ ಮೊದಲು ಹೋದಳು. ಅವಳನ್ನು ಕಳಿಸುವಾಗ ಒಳಗೆ ಹೋಗಿ ಪೆಟ್ಟಿಗೆ ತೆಗೆದು, ತನ್ನ ಪಂಚೆಯನ್ನೇ ಅವಳಿಗೆ ಹೊದಿಸಿದ. ಇನ್ನೊಂದು ನೇಯ್ದರಾಯಿತು, ಅದಕ್ಕೇನು ಅವಸರ ಎಂದುಕೊಂಡು ಹದಿನಾಲ್ಕು ವರ್ಷ ತಳ್ಳಿದ. ಆಮೇಲೆ ನೆನಪಾಗುವ ಹೊತ್ತಿಗೆ ಎರಡು ಕಣ್ಣಿಗೂ ಪೊರೆ ಕವಿದಿತ್ತು. ಎದುರು ಬಂದವರನ್ನು ಕೆಮ್ಮಿನಿಂದ ಗುರುತಿಸುತ್ತಿದ್ದ.

ಆ ಸ್ಥಿತಿಯಲ್ಲಿ ಮಗ್ಗಕ್ಕೆ ಉದ್ದ ಎಳೆಗಳ ಹಾಸು ಹೂಡಿಸಿಕೊಂಡು ಕುಳಿತಾಗ ದೊಡ್ಡಪ್ಪ ಬೇಡವೆಂದ. ತಾನು ನೇಯ್ದು ಕೊಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದ. ತಾತ ಕಿವಿಗೆ ಹಾಕಿಕೊಳ್ಳಲಿಲ್ಲ. ಆಗ ದೊಡ್ಡಪ್ಪನ ಒಳಗಿದ್ದದ್ದು ಹೊರಗೆ ಬಂತು.

"ತೂತು ಬಿದ್ದ ಬಟ್ಟೆ ಬೀದಿ ಮುಂದೆ ನಾನು ಹಾಸಲ್ಲ, ಈಗಲೇ ಹೇಳಿವ್ನಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ. ತಪ್ಪಿದ್ದರೆ ಅಂಗಡಿಯಿಂದ ಒಂದು ತಂದು ಸುತ್ತಿ ಕಳಿಸ್ತೀನಿ."

ತಾತ ಲಾಳಿ ಎಲ್ಲಿದೆ ಎಂದು ತಡಕಾಡುತ್ತಿದ್ದ. ನಾನು ಎತ್ತಿ ಕೈಗೆ ಕೊಟ್ಟೆ. ಅಂಗಡಿ ಬಟ್ಟೆ ಎಂಬ ಮಾತಿಗೆ ಅವತ್ತು ದೊಡ್ಡಪ್ಪನ ಮೇಲೆ ಹುಟ್ಟಿದ ಸಿಟ್ಟು ಅವನು ಸತ್ತ ಮೇಲೂ ಪೂರ್ತಿ ಹೋಗಿಲ್ಲ. ಹೋಗಲಿ ಎಂದು ನಾನು ಪ್ರಯತ್ನಪಟ್ಟೂ ಇಲ್ಲ.

ತಾತ ಬೆಳಿಗ್ಗೆ ನೇಯುತ್ತಿದ್ದ. ದಿನಕ್ಕೆ ಒಂದು ಗೇಣು, ಹೆಚ್ಚೆಂದರೆ ಒಂದೂವರೆ. ಕಡಿದುಹೋದ ಉದ್ದ ಎಳೆಗಳು ಅವನಿಗೆ ಕಾಣುತ್ತಿರಲಿಲ್ಲ. ಅವು ಹಾಗೆಯೇ ಜೋತುಬಿದ್ದು ಬಟ್ಟೆಯಲ್ಲಿ ಸೀಳು ಮೂಡುತ್ತಿತ್ತು. ಒಂದು ಕಡೆ ದಟ್ಟ, ಒಂದು ಕಡೆ ಜಾಳು. ಕೈ ಮರಗಟ್ಟಿದ್ದರಿಂದ ಹೆಬ್ಬೆರಳಿಗೂ ಮೊದಲಿನ ಸೂಕ್ಷ್ಮ ಉಳಿದಿಲ್ಲ ಎಂದು ನಾನು ತಿಳಿದಿದ್ದೆ. ಮಧ್ಯಾಹ್ನ ಉಂಡು ಅವನು ಪಡಸಾಲೆಯಲ್ಲಿ ಮಲಗುತ್ತಿದ್ದ. ದೊಡ್ಡಪ್ಪ ತನ್ನ ಮಗ್ಗದ ಮನೆಗೆ ಹೋಗಿರುತ್ತಿದ್ದ. ಮೂರನೆಯ ದಿನ ಮಧ್ಯಾಹ್ನ ನಾನು ಬಾಗಿಲು ಮುಂದೆ ಮಾಡಿ ಕುಣಿಗೆ ಇಳಿದೆ. ಅವನು ನೇಯ್ದದ್ದನ್ನು ಒಂದೊಂದೇ ಅಡ್ಡ ಎಳೆ ಹಿಂದಕ್ಕೆಳೆದು ಬಿಚ್ಚಿದೆ. ಕಡಿದ ಎಳೆಗಳನ್ನು ಗಂಟು ಹಾಕಿದೆ. ಅದೇ ನೂಲನ್ನು ಸುತ್ತಿಕೊಂಡು, ಅವನು ಎಲ್ಲಿಗೆ ನಿಲ್ಲಿಸಿದ್ದನೋ ಅಲ್ಲಿಗೇ ಮತ್ತೆ ನೇಯ್ದು ಮೇಲೆ ಬಂದೆ. ಮರುದಿನ ಅವನು ಗೇಣು ಹಾಕಿ ಅಳೆದು ನೋಡಿದಾಗ ಲೆಕ್ಕ ಸರಿಯಾಗಿತ್ತು.

ಹೀಗೆ ಒಂದು ತಿಂಗಳು. ಅವನು ಬೆಳಿಗ್ಗೆ ನೇಯುವುದು, ನಾನು ಮಧ್ಯಾಹ್ನ ಬಿಚ್ಚಿ ನೇಯುವುದು. ಪ್ರೀತಿಯಿಂದ ಮಾಡಿದೆ ಎಂದು ಹೇಳಿಕೊಂಡು ಇಷ್ಟು ವರ್ಷ ಬದುಕಿದ್ದೇನೆ, ಅದು ಸುಳ್ಳಲ್ಲ. ಆದರೆ ಬರೀ ಪ್ರೀತಿಯೂ ಅಲ್ಲ. ನನ್ನ ಕೈ ಚೆನ್ನಾಗಿತ್ತು. ಹೆಣ್ಣಾದ ತಪ್ಪಿಗೆ ನಾನು ನೇಯ್ದದ್ದರ ಮೇಲೆ ಯಾವ ಹಿರಿಯನ ಹೆಬ್ಬೆರಳೂ ಆಡಿರಲಿಲ್ಲ. ತಾತನ ಹೆಸರಿನಲ್ಲಾದರೂ ಅವರು ನನ್ನ ಬಟ್ಟೆ ಮುಟ್ಟಿ ತಲೆದೂಗಲಿ ಎಂಬ ಆಸೆ ಎಲ್ಲೋ ಒಂದು ಮೂಲೆಯಲ್ಲಿ ಇತ್ತು. ಅದನ್ನು ಈಗ ಒಪ್ಪಿಕೊಂಡರೆ ಕಳೆದುಕೊಳ್ಳುವುದೇನೂ ಇಲ್ಲ.

ಪಂಚೆ ಮುಗಿಯಿತು. ಮಗ್ಗದಿಂದ ಕತ್ತರಿಸಿ ತಾತನ ತೊಡೆಯ ಮೇಲಿಟ್ಟೆ. ಅವನು ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿದ. ಬೆರಳು ಎಲ್ಲೂ ನಿಲ್ಲಲಿಲ್ಲ. ಅದು ಎಲ್ಲಾದರೂ ನಿಲ್ಲಬಹುದು ಎಂದು ಅವನು ಕಾಯುತ್ತಿದ್ದ ಹಾಗೆ ಕಂಡಿತು. ಕೊನೆಯ ಅಂಚಿಗೆ ಬಂದ ಮೇಲೆ ಮತ್ತೆ ಮೊದಲಿನಿಂದ ಶುರುಮಾಡಿದ.

"ಇದು ನಂದೇನಾ ಕೂಸೇ?" ಎಂದು ಕೇಳಿದ.

"ನಿಂದೇ ತಾತ. ಇನ್ಯಾರದು?"

ಅವನು ಇನ್ನೊಮ್ಮೆ ಅಂಚು ಸವರಿ, ಚೆನ್ನಾಗಿದೆ ಎಂದ. ಮಡಿಸಿ ಪೆಟ್ಟಿಗೆಯಲ್ಲಿಡು ಎಂದ. ನಾನು ಗೆದ್ದೆ ಎಂದುಕೊಂಡೆ.

ಎರಡು ದಿನ ಬಿಟ್ಟು ಅವನು ಮತ್ತೆ ಕುಣಿಗೆ ಇಳಿದ. ಹಾಸಿನಲ್ಲಿ ಒಂದೆರಡು ಮೊಳ ಇನ್ನೂ ಉಳಿದಿತ್ತು. ಏನು ತಾತ, ಮುಗಿಯಿತಲ್ಲ ಎಂದು ನಾನು ನಕ್ಕಾಗ, ಹೊತ್ತು ಹೋಗಬೇಕಲ್ಲ ಎಂದ. ನೇಯುವವನಿಗೆ ಮಗ್ಗ ಬಿಟ್ಟಿರಲು ಆಗುವುದಿಲ್ಲ, ಪಾಪ, ಆಡಿಕೊಳ್ಳಲಿ ಎಂದು ಬಿಟ್ಟೆ. ಅದು ಯಾರಿಗೂ ತೋರಿಸುವ ಬಟ್ಟೆಯಲ್ಲ, ಹಾಗಾಗಿ ಬಿಚ್ಚುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಈಗ ಕೈ ಇನ್ನೂ ಸೋತಿತ್ತು, ಆರೇಳು ದಿನದಲ್ಲಿ ಗೇಣುದ್ದ ಮಾತ್ರ ಆಗಿತ್ತು. ನೋಡಲು ಆಗುತ್ತಿರಲಿಲ್ಲ. ಅಂಚು ಸೊಟ್ಟ, ನಡುವೆ ಬೆರಳು ತೂರುವಷ್ಟು ಸೀಳು. ಆ ಒಂದು ವಾರ ಮಾತ್ರ ಅವನು ಮಧ್ಯಾಹ್ನವೂ ರಾತ್ರಿಯೂ ಪಡಸಾಲೆಗೆ ಹೋಗದೆ ಮಗ್ಗದ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗಿದ. ಯಾಕೆಂದು ನಾನು ಕೇಳಲಿಲ್ಲ.

ಒಂದು ಬೆಳಿಗ್ಗೆ ಅವನು ಆ ಚಾಪೆಯಿಂದ ಏಳಲಿಲ್ಲ. ಕಾಫಿ ತಂದವಳು ನಾನೇ. ಲೋಟ ಕೆಳಗಿಟ್ಟು ಕೈ ಮುಟ್ಟಿದೆ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ದೊಡ್ಡಮ್ಮ ಬಂದು ಬಾಯಿ ಬಡಿದುಕೊಂಡಾಗಲೇ ನನಗೆ ಎಚ್ಚರ. ನನಗೆ ಇದ್ದವನು ಅವನೊಬ್ಬನೇ, ಅವನೂ ಹೋದ. ಮನೆ ತುಂಬ ಜನ ಓಡಾಡುತ್ತಿದ್ದರೂ ಇನ್ನು ಈ ಮನೆಯಲ್ಲಿ ನನ್ನನ್ನು ಕೂಸೇ ಎನ್ನುವವರಿಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಅಳಲು ಯಾರು ಬಿಡುತ್ತಾರೆ? ಸಾವಿನ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಕೆಲಸ ಮೊದಲು, ದುಃಖ ಆಮೇಲೆ. ಬೀದಿಯವರು ಬರುವಷ್ಟರಲ್ಲಿ ಮಗ್ಗದ ಮನೆ ಅಚ್ಚುಕಟ್ಟಾಗಬೇಕು ಎಂದು ದೊಡ್ಡಪ್ಪ ಕೂಗಿದ. ಬಚ್ಚಲಲ್ಲಿ ದೊಡ್ಡಮ್ಮ ಹೆಣದ ಸ್ನಾನಕ್ಕೆ ಹಂಡೆ ಒಲೆ ಹೊತ್ತಿಸಲು ಒದ್ದಾಡುತ್ತಿದ್ದಳು; ಸೌದೆ ಹಸಿ, ಬರೀ ಹೊಗೆ. ಮಗ್ಗದ ಮೇಲೆ ಆ ಗೇಣುದ್ದದ ಬಟ್ಟೆ ಎಲ್ಲರ ಕಣ್ಣಿಗೆ ರಾಚುವ ಹಾಗೆ ನಿಂತಿತ್ತು. ಇದನ್ನು ನೋಡಿದವರು ಪೆಟ್ಟಿಗೆಯೊಳಗಿನ ಪಂಚೆಯನ್ನು ನಂಬುತ್ತಾರೆಯೇ? ನಾನು ಕತ್ತರಿ ತಂದೆ. ನಾಲ್ಕು ಸಲ ಕತ್ತರಿಸಿದ್ದಕ್ಕೆ ಬಿಟ್ಟು ಬಂತು. ಮುದುಡಿ ಸೆರಗಿನಲ್ಲಿ ಮುಚ್ಚಿಕೊಂಡು ಬಚ್ಚಲಿಗೆ ಹೋಗಿ, ದೊಡ್ಡಮ್ಮ ನೀರು ಸೇದಲು ಹೋದಾಗ ಒಲೆಗೆ ತುರುಕಿದೆ. ಗಂಜಿ ಹಾಕಿದ ಹತ್ತಿ ನೂಲು, ಭಗ್ಗನೆ ಹತ್ತಿಕೊಂಡಿತು. ಅದರ ಉರಿಗೆ ಸೌದೆಯೂ ಹಿಡಿಯಿತು. ಸದ್ಯ ಎಂದುಕೊಂಡೆ.

ಪಂಚೆಯನ್ನು ಹಲಗೆಯ ಮೇಲೆ ಹರಡಿದರು. ಮೊದಲು ಬಂದವನು ಗವಿರಂಗಯ್ಯ. ಅವನು ತಾತನ ಓರಗೆಯವನು, ಗೋಲಿ ಆಡುವ ವಯಸ್ಸಿನಿಂದ ಜೊತೆಗಾರ, ಬೀದಿಯಲ್ಲಿ ಅವನ ಮಾತಿಗೆ ಎದುರಿಲ್ಲ. ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿದ. ನಾನು ಕಂಬ ಹಿಡಿದು ನಿಂತಿದ್ದೆ. ಬೇರೆಯವರಿಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅವನು ತೆಗೆದುಕೊಂಡ. ಆಮೇಲೆ ತಲೆಯೆತ್ತಿ, ಎಲ್ಲರಿಗೂ ಕೇಳುವಂತೆ ತಾತನ ಹೆಸರು ಹಿಡಿದು ಹೇಳಿದ.

"ಪುಟ್ಟಚೌಡನ ಕೈ. ಇದರಲ್ಲಿ ಎರಡು ಮಾತಿಲ್ಲ."

ಉಳಿದವರೂ ಮುಟ್ಟಿ ತಲೆದೂಗಿದರು. ಕಣ್ಣಿಲ್ಲದೆಯೂ ಎಂಥ ಕೈ ಎಂದರು. ದೊಡ್ಡಪ್ಪನಂತೂ ಅಪ್ಪ ಸತ್ತ ದಿನವೆಂಬುದನ್ನು ಮರೆತವನಂತೆ ಎದೆಯುಬ್ಬಿಸಿ ನಿಂತ. ತಾತನಿಗೆ ಪಂಚೆ ಸುತ್ತಿದರು, ಹೊತ್ತರು, ಮಣ್ಣು ಮಾಡಿದರು. ನಾನು ಅತ್ತೆ. ಅಳುವಿನ ನಡುವೆಯೂ ಒಂದು ತೃಪ್ತಿ ಇತ್ತು: ಅವನು ಅಂಗಡಿ ಬಟ್ಟೆಯಲ್ಲಿ ಹೋಗಲಿಲ್ಲ, ನಾನು ಹೋಗಗೊಡಲಿಲ್ಲ.

ಹನ್ನೊಂದನೆಯ ದಿನ ಸೂತಕ ಕಳೆಯಿತು. ಅಲ್ಲಿಯವರೆಗೆ ಮನೆಯವರಿಗೆಲ್ಲ ಬಾವಿಯ ತಣ್ಣೀರೇ ಸ್ನಾನ. ಹೆಣಕ್ಕೆ ನೀರು ಕಾಯಿಸಿದ ಒಲೆಯನ್ನು ಆ ದಿನ ಬರುವ ತನಕ ಮುಟ್ಟುವ ಹಾಗಿರಲಿಲ್ಲ. ಊಟ ಮುಗಿಸಿ ಜನ ಕರಗಿದ ಮೇಲೆ ಗವಿರಂಗಯ್ಯ ಉಳಿದುಕೊಂಡ. ಮಗ್ಗದ ಮನೆಯಲ್ಲಿ ನನ್ನನ್ನು ಕೂರಿಸಿ, ಯಾರೂ ಇಲ್ಲವೆಂದು ನೋಡಿಕೊಂಡು, ಸಣ್ಣ ದನಿಯಲ್ಲಿ ಹೇಳಿದ. ಪಂಚೆ ಮುಗಿದ ಮರುದಿನವೇ ತಾತ ಅವನನ್ನು ಕರೆಸಿ ಬಟ್ಟೆ ಕೊಟ್ಟು, ಇದು ಯಾರ ಕೈ ಎಂದು ಕೇಳಿದ್ದನಂತೆ.

"ನಿಂದಲ್ಲ, ನೀನು ಕಲಿಸಿದ ಕೈ, ಕೂಸಿಂದೇ ಇರಬೇಕು ಅಂದೆ. ಸುಳ್ಳು ಹೇಳಕ್ಕೆ ಬಾಯಿ ಬರಲಿಲ್ಲ. ಅವನಿಗೂ ಗೊತ್ತಿತ್ತು ಬಿಡು. ದಿನಾ ಬೆಳಿಗ್ಗೆ ಮುಟ್ಟಿದಾಗೆಲ್ಲ ಗೊತ್ತಾಗ್ತಿತ್ತಂತೆ. 'ನನಗಿಂತ ಚೆಂದಾಗಿ ನೇಯ್ದವಳೆ ಕಣೋ, ಬೀದಿಯವರ ಮುಂದೆ ನಂದು ಅಂತಲೇ ಹೇಳಿಬಿಡು, ಅವಳು ತಲೆ ತಗ್ಗಿಸಬಾರದು' ಅಂದ."

ಅವನು ನನ್ನ ಮುಖ ನೋಡದೆ ಮಗ್ಗದ ಕಡೆ ನೋಡುತ್ತಿದ್ದ. ತಾತ ಎರವಲಿನಲ್ಲಿ ಹೋಗಲು ಸಿದ್ಧನಿರಲಿಲ್ಲವಂತೆ. ಉಳಿದ ಹಾಸಿನಲ್ಲಿ ಗೇಣುದ್ದ ತಾನೇ ನೇಯ್ದುಕೊಳ್ಳುತ್ತೇನೆ, ಎಷ್ಟು ಕೆಟ್ಟದಾಗಿ ಬಂದರೂ ಸರಿ, ಪಂಚೆಯ ಒಳಗೆ ಎದೆಯ ಮೇಲೆ ಇಟ್ಟರೆ ಯಾರಿಗೂ ಕಾಣುವುದಿಲ್ಲ, ಕೂಸಿಗೆ ನಾನೇ ಸಮಯ ನೋಡಿ ಹೇಳುತ್ತೇನೆ ಎಂದಿದ್ದನಂತೆ. ಅದನ್ನೂ ಅವಳು ಬಿಚ್ಚಿಬಿಟ್ಟಾಳು ಎಂದು ಮಗ್ಗದ ಪಕ್ಕದಲ್ಲೇ ಮಲಗುತ್ತೇನೆ ಎಂದು ನಕ್ಕಿದ್ದನಂತೆ.

"ಅವತ್ತು ಜನರ ಮುಂದೆ ಕೇಳಕ್ಕೆ ಆಗಲಿಲ್ಲ. ಮಗ್ಗ ಬರಿದಾಗಿತ್ತು, ತಗೊಂಡವಳೆ ಅಂದ್ಕೊಂಡೆ. ಇಟ್ಟೆ ತಾನೇ ತಾಯಿ?"

ಜೀವಮಾನದಲ್ಲಿ ಒಂದೇ ಒಂದು ಸಲ, ಗೆಳೆಯನಿಗಾಗಿ, ಹೆಬ್ಬೆರಳಿಗೆ ದ್ರೋಹ ಮಾಡಿದ ಮುದುಕ.

"ಇಟ್ಟೆ," ಎಂದೆ.

"ಎದೆ ಮೇಲೆ?"

"ಎದೆ ಮೇಲೇ."

ಅವನು ಉಸಿರು ಬಿಟ್ಟ. ಸದ್ಯ, ತನ್ನ ಬಟ್ಟೆಯಲ್ಲೇ ಹೋದ ಎಂದು ತನಗೆ ತಾನೇ ಹೇಳಿಕೊಂಡು, ಗೋಡೆ ಹಿಡಿದು ಎದ್ದು, ನನ್ನ ತಲೆಯ ಮೇಲೆ ಕೈಯಿಟ್ಟು ಹೊರಟ. ಮೂರು ತಿಂಗಳ ನಂತರ ಅವನೂ ಹೋದ, ಆ ನೆಮ್ಮದಿಯಲ್ಲೇ ಹೋಗಿರಬೇಕು. ತಾತ ಆ ಕುಣಿಯಲ್ಲಿ ಅರವತ್ತು ವರ್ಷ ನೇಯ್ದ. ಕೊನೆಯ ತಿಂಗಳಲ್ಲಿ ತನಗಾಗಿ ನೇಯ್ದದ್ದನ್ನು ಮಾತ್ರ ಒಂದು ಎಳೆಯೂ ಬಿಡದಂತೆ ನಾನು ಬಿಚ್ಚಿದೆ, ಉಳಿದದ್ದನ್ನು ಸುಟ್ಟೆ. ತಾತನನ್ನು ಎರವಲಿನಲ್ಲಿ ಕಳಿಸುವುದಾಗಿ ದೊಡ್ಡಪ್ಪ ಬರೀ ಬಾಯಲ್ಲಿ ಹೇಳಿದ್ದನ್ನು ನಾನು ಕೈಯಾರೆ ಮಾಡಿ ಮುಗಿಸಿದ್ದೆ.

ಎದ್ದು ಬಚ್ಚಲಿಗೆ ಓಡಿದೆ. ಏನು ಸಿಗಬಹುದೆಂದುಕೊಂಡೆನೋ ತಿಳಿಯದು. ಸುಟ್ಟ ಅಂಚಿನ ಒಂದು ಚೂರು, ಅದೂ ಇಲ್ಲದಿದ್ದರೆ ಒಂದು ಹಿಡಿ ಬೂದಿ. ಒಲೆಯನ್ನು ಗುಡಿಸಿ ಸಾರಿಸಿಯಾಗಿತ್ತು. ಇಲ್ಲಿದ್ದ ಬೂದಿ ಎಲ್ಲಿ ಎಂದು ಕೂಗಿದೆ. ಹಿತ್ತಿಲಿನಿಂದ ದೊಡ್ಡಮ್ಮನ ದನಿ ಬಂತು.

"ಪಾತ್ರೆ ಉಜ್ಜಕ್ಕೆ ತಗೊಂಡೆ ಕಣೇ. ನಯವಾಗಿತ್ತು ಬೂದಿ. ಹೆಂಗೆ ಬೆಳಗ್ತವೆ ಬಂದು ನೋಡು."

ಹಿತ್ತಿಲಿಗೆ ಹೋದೆ. ಸೂತಕದ ಮನೆಯ ಪಾತ್ರೆಗಳೆಲ್ಲ, ಚೊಂಬು, ತಟ್ಟೆ, ಕೊಳಗ, ಹಂಡೆಯ ಮುಚ್ಚಳ, ಬಿಸಿಲಿಗೆ ಬೋರಲು ಬಿದ್ದು ಕಣ್ಣಿಗೆ ಚುಚ್ಚುವಂತೆ ಹೊಳೆಯುತ್ತಿದ್ದವು. ಉಜ್ಜಿದ ನೀರು ಬಾಳೆಬುಡಕ್ಕೆ ಹರಿದು ಆಗಲೇ ಇಂಗಿತ್ತು. ಒರೆಸಿ ಒಳಗೆ ಜೋಡಿಸು ಎಂದು ದೊಡ್ಡಮ್ಮ ಹೇಳಿದಳು. ನಾನು ಕೂತು ಒಂದೊಂದನ್ನೇ ಎತ್ತಿಕೊಂಡು ಒರೆಸತೊಡಗಿದೆ.